ರಾಮಪ್ಯಾರಿಗೆ ಇಟ್ಟ ಎಡೆ

ನಮ್ಮ ಹೊಲಕ್ಕೆ ಅಂಟಿಕೊಂಡಿದ್ದ ದ್ರಾಕ್ಷಿ ತೋಟವನ್ನು ಕೊಂಡು, ಬಳ್ಳಿ ಕೀಳಿಸಿ ಮನೆ ಕಟ್ಟಿಸಿದವರು ಕಥೆ ಬರೆಯುವವರಂತೆ ಎಂದು ನನ್ನ ಗಂಡ ಕೆಂಪರಾಜ್ ಬಂದು ಹೇಳಿದಾಗ ನಾನು ನಂಬಲಿಲ್ಲ.

“ಕಥೆ ಬರ್ದು ಮನೆ ಕಟ್ಟಕ್ಕಾಗುತ್ತಾ? ಹಂಗಾದ್ರೆ ನಿಮ್ಮವ್ವ ಹೇಳೋ ಕಥೆಗೆ ನಮ್ದು ಮೂರಂತಸ್ತು ಏಳ್ಬೇಕಿತ್ತು,” ಎಂದೆ.

“ಕಟ್ಸಿರೋದು ಮಗಳು ಕಣೇ. ಯಲಹಂಕದ ಕಡೆ ಯಾವ್ದೋ ಕಾಲೇಜಲ್ಲಿ ಪಾಠ ಮಾಡ್ತಾರಂತೆ. ಆವಯ್ಯ ಬರೆಯೋದು ಹಿಂದೀಲಿ. ದಿಲ್ಲಿಯೋರು. ದಿನಾ ಬೆಳಗ್ಗೆ ಒಂದ್ಲೀಟ್ರು ಹಾಲು ಬೇಕಂತೆ, ಡೈರಿಗೆ ಹಾಕೋಕೆ ಮುಂಚೆ ತೆಗೆದಿಡು.”

ಮಾರನೆಯ ದಿನ ಮುದುಕರೇ ಚೊಂಬು ಹಿಡಿದುಕೊಂಡು ಬಂದರು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು, ಎತ್ತರದ ಆಳು, ಬಾಗಿಲಿಗೆ ತಲೆ ತಗುಲದ ಹಾಗೆ ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಹೆಸರು ತಿಲಕ್‌ರಾಜ್ ಢೀಂಗ್ರಾ. ಅದು ನಮ್ಮ ಅತ್ತೆ ಸೊಣ್ಣಮ್ಮನ ನಾಲಿಗೆಗೆ ಹೊರಳಲಿಲ್ಲ. ಎರಡನೇ ದಿನಕ್ಕೇ ಅವರನ್ನು ರಾಜಪ್ಪ ಮಾಡಿದಳು.

ಅವರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ನನಗೆ ಅವರ ಮಾತು ಅರ್ಥವಾಗುತ್ತಿತ್ತು. ನನ್ನ ತವರು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಮನೆಗಳ ಸಾಲಿನಲ್ಲಿ. ಎದುರು ಮನೆ ಸಾಬರ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿ ಬೆಳೆದವಳು ನಾನು. ಓದಿದ್ದು ಏಳನೇ ಕ್ಲಾಸಿನವರೆಗೆ ಆದರೂ ಉರ್ದುವಿನಲ್ಲಿ ಜಗಳ ಆಡುವಷ್ಟು ಬರುತ್ತದೆ. ಅವರು ಅರ್ಧ ಕನ್ನಡ, ಅರ್ಧ ಹಿಂದಿ, ನಾನು ನನ್ನ ಬೀದಿ ಉರ್ದು. ಸಂಸಾರ ನಡೆಯಿತು.

“ಲಕ್ಷ್ಮೀ ಬೇಟಿ, ಇವತ್ತು ಹಾಲು ಪತ್ಲಾ ಇದೆ.”

“ಹಾಲು ಗಟ್ಟಿಯಾಗೇ ಇದೆ ಯಜಮಾನ್ರೇ. ನಿಮ್ಮ ಕನ್ನಡಕ ಪತ್ಲಾ ಆಗಿದೆ.”

ಅವರು ನಗುತ್ತಿದ್ದರು. ಹಾಲು ಹಿಡಿದುಕೊಂಡು ಹೋಗುವ ಬದಲು ನಮ್ಮ ದನದ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಡುತ್ತಿದ್ದರು. ಬಿಸಿಲು ಏರುವವರೆಗೆ ಅತ್ತೆಗೂ ಅವರಿಗೂ ಮಾತು. ಅತ್ತೆ ಹೇಳಿದ್ದರಲ್ಲಿ ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವರು ಹೇಳಿದ್ದು ಅತ್ತೆಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಇಬ್ಬರೂ ಹೂಂಗುಡುತ್ತಿದ್ದರು.

ನಾನು ಮೊದಲ ಸಲ ಅವರ ಮನೆಯೊಳಗೆ ಹೋದಾಗ ಕಂಡದ್ದು ಹೂಜಿಗಳು. ಬಾಗಿಲ ಬಳಿ ಒಂದು, ಮಲಗುವ ಕೋಣೆಯಲ್ಲಿ ಒಂದು, ಬರೆಯುವ ಮೇಜಿನ ಪಕ್ಕ ಒಂದು, ಹಿತ್ತಲ ಬಾಗಿಲಲ್ಲಿ ಎರಡು. ಎಲ್ಲದರಲ್ಲೂ ಕಂಠದವರೆಗೆ ನೀರು. ತಲೆಯ ಮೇಲೆ ಟ್ಯಾಂಕಿದೆ, ಅಡುಗೆಮನೆಯಲ್ಲಿ ಫಿಲ್ಟರಿದೆ.

“ಇದೇನ್ ಮೇಡಂ, ಕುಂಬಾರನ ಅಂಗಡಿ ಇಟ್ಟಿದೀರಾ?” ಎಂದು ಅವರ ಮಗಳು ವಿಭಾ ಮೇಡಂ ಹತ್ತಿರ ಕೇಳಿದೆ. ಅವರು, “ಬಾಬೂಜಿಗೆ ಬೇಕು,” ಎಂದಷ್ಟೇ ಹೇಳಿ ಮಾತು ತಿರುಗಿಸಿದರು. ವಯಸ್ಸಾಯಿತು, ಒಂದೊಂದು ಖಯಾಲಿ ಇರುತ್ತದೆ ಎಂದು ನಾನೂ ಸುಮ್ಮನಾದೆ.

ಆ ಖಯಾಲಿ ಏನೆಂದು ತಿಳಿದದ್ದು ಹೋದ ವರ್ಷ ಶ್ರಾವಣದಲ್ಲಿ. ಪೇಟೆಯಲ್ಲಿ ಏನೋ ಗಲಾಟೆ, ಅಂಗಡಿ ಮುಚ್ಚಿಸುತ್ತಿದ್ದಾರೆ, ಬಸ್ಸು ನಿಂತಿದೆ ಎಂದು ಯಾರೋ ಫೋನಿನಲ್ಲಿ ಹಬ್ಬಿಸಿದರು. ಸಂಜೆಯೊಳಗೆ ಅದು ಬರೀ ಗಾಳಿಸುದ್ದಿ ಎಂದು ಗೊತ್ತಾಯಿತು. ಆದರೆ ಮಧ್ಯಾಹ್ನ ಅವರು ಮರೆತು ಬಿಟ್ಟುಹೋಗಿದ್ದ ಹಾಲಿನ ಚೊಂಬು ಕೊಡಲು ನಾನು ಹೋದಾಗ ಮುದುಕರು ಕಿಟಕಿಗಳನ್ನೆಲ್ಲ ಹಾಕಿ ಕತ್ತಲಲ್ಲಿ ಕೂತಿದ್ದರು. ಮೇಡಂ ಕಾಲೇಜಿಗೆ ಹೋಗಿದ್ದರು. ಬಕೆಟ್ಟು, ಕೊಡ, ಪಾತ್ರೆ, ಕೊನೆಗೆ ಟೀ ಲೋಟಗಳಿಗೂ ನೀರು ತುಂಬಿಸಿಟ್ಟಿದ್ದರು. ಕಾಲಿಡಲು ಜಾಗವಿರಲಿಲ್ಲ.

“ಏನಿದು ಯಜಮಾನ್ರೇ, ಪ್ರಳಯ ಆಗುತ್ತಾ?”

“ಯಾರೂ ನೀರಿಗೆ ಆಚೆ ಹೋಗಬಾರದು,” ಎಂದರು. ಮಕ್ಕಳಿಗೆ ಹೇಳುವ ಹಾಗೆ, ಎರಡೆರಡು ಸಲ.

ನಾನು ಕಿಟಕಿ ತೆಗೆದೆ, ಟೀ ಕಾಸಿ ಕೊಟ್ಟೆ, ಪಕ್ಕದಲ್ಲಿ ಕೂತೆ. ಆಗ ಹೇಳಿದರು.

ಅವರ ಊರು ಲಾಯಲ್‌ಪುರದ ಕಡೆ, ಕಾಲುವೆ ನೀರಿನಲ್ಲಿ ಗೋಧಿ ಬೆಳೆಯುವ ಸೀಮೆ. ಈಗ ಪಾಕಿಸ್ತಾನ. ಅಪ್ಪನಿಗೆ ಬಟ್ಟೆ ಅಂಗಡಿ. ದೇಶ ಎರಡಾದ ವರ್ಷ ಇವರಿಗೆ ಎಂಟು, ಅಕ್ಕ ರಾಮಪ್ಯಾರಿಗೆ ಹದಿನೈದು. ಬೀದಿಯ ಕೊನೆಯಲ್ಲಿ ಎಣ್ಣೆ ಗಾಣದ ಫಜಲ್ ಎನ್ನುವವನು ಇವರನ್ನೆಲ್ಲ ತನ್ನ ಹೊಟ್ಟಿನ ಕೋಣೆಯಲ್ಲಿ ಬಚ್ಚಿಟ್ಟಿದ್ದನಂತೆ. ಆಚೆ ಇವರ ಅಂಗಡಿ ಉರಿಯುವ ವಾಸನೆ ಒಳಗೆ ಬರುತ್ತಿತ್ತಂತೆ. ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿಕೊಳ್ಳಬೇಕು. ಆಮೇಲೊಂದು ಬೆಳಗ್ಗೆ ಮಿಲಿಟರಿ ಲಾರಿ ಬಂತು. ಜನ ಒಬ್ಬರ ಮೇಲೊಬ್ಬರು ಹತ್ತಿದರು.

“ನಾನು ಅಳ್ತಾ ಇದ್ದೆ. ಪ್ಯಾಸ್, ಪ್ಯಾಸ್, ಅಂತ. ಬಾಯಾರಿಕೆ. ಎಲ್ಲರೂ ಸುಮ್ಮನಿರು ಅಂದರು. ಅಕ್ಕ ಇಳಿದಳು. ಗಾಣದ ಹಿಂದೆ ಕೈಪಂಪು ಇತ್ತು. ‘ಈಗ ಬಂದೆ’ ಅಂದಳು.”

ಆ ಹೊತ್ತಿಗೇ ಎಲ್ಲಿಂದಲೋ ಗುಂಡು ಹಾರಿತು. ಲಾರಿ ಹೊರಟಿತು. ಅಪ್ಪ ಲಾರಿಯ ಮುಂದಿನ ಗೂಡಿಗೆ ಕೈಯಲ್ಲಿ ಬಡಿದರು, ತಲೆಯಲ್ಲಿ ಬಡಿದರು. ನಿಲ್ಲಿಸಲಿಲ್ಲ. ಅಮ್ಮ ಹಾರಲು ಹೋದಾಗ ನಾಲ್ಕು ಜನ ಹಿಡಿದುಕೊಂಡರು.

“ಕಂಡಳಾ? ಲಾರಿ ಹೊರಟಾಗ ಕಂಡಳಾ?” ಎಂದು ಕೇಳಿದೆ.

“ಇಲ್ಲ. ಧೂಳು.”

ನನಗೆ ಸಂಕಟಕ್ಕಿಂತ ಮುಂಚೆ ಸಿಟ್ಟೇ ಬಂತು. “ನಿಮ್ಮಪ್ಪ ಆಮೇಲೆ ಹುಡುಕ್ಲಿಲ್ವಾ? ಹೆಣ್ಣುಮಗು ಅಂತ ಬಿಟ್ಬಿಟ್ರಾ?”

ಹುಡುಕಿದ್ದರು. ಪೊಲೀಸರ ಜೊತೆ ಎರಡು ಸಲ ವಾಪಸು ಹೋಗಿದ್ದರು. ಫಜಲನ ಮನೆಗೆ ಬೀಗ. ಒಬ್ಬ ಹೇಳಿದ, ಕಾಲುವೆಯಲ್ಲಿ ಹೆಣಗಳು ಬಂದವು, ನೋಡಿಕೊಳ್ಳಿ ಎಂದು. ಇನ್ನೊಬ್ಬ ಹೇಳಿದ, ಪಕ್ಕದ ಹಳ್ಳಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆ, ಬೇರೆ ಹೆಸರು ಇಟ್ಟಿದ್ದಾರೆ, ಮದುವೆಯಾಗಿದೆ ಎಂದು. ಆ ಹಳ್ಳಿಗೆ ಹೋದರೆ ಆ ಮನೆಯವರು ಬಾಗಿಲು ತೆರೆಯಲಿಲ್ಲ. ಮೂರನೇ ಸಲ ಹೋಗಲು ಗಡಿಯಲ್ಲಿ ಬಿಡಲಿಲ್ಲ.

ದಿಲ್ಲಿಯಲ್ಲಿ ನಿರಾಶ್ರಿತರ ಡೇರೆಯಲ್ಲಿ ಬೆಳೆದು, ಓದಿ, ಇವರು ಕಾದಂಬರಿಕಾರರಾದರು. ಅಲ್ಲೂ ನಡುವಯಸ್ಸಿನಲ್ಲಿ ಇನ್ನೊಂದು ಗಲಭೆ ನೋಡಿದರು. ಪಕ್ಕದ ಮನೆ ಸರ್ದಾರರ ಟ್ಯಾಕ್ಸಿ ಸುಟ್ಟದ್ದನ್ನು ಹೇಳುವಾಗ, “ಅದೇ ವಾಸನೆ,” ಎಂದರು. “ಊರು ಬೇರೆ, ದೇವರು ಬೇರೆ, ವಾಸನೆ ಅದೇ.”

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಅವಳು ಕೇಳಿದ್ದು ಒಂದೇ.

“ಆ ಮಗೀಗೆ ಇಲ್ಲೀವರ್ಗೂ ಯಾರೂ ಎಡೆ ಇಟ್ಟಿಲ್ವಾ?”

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನೇ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ ಹೆಸರು ಹಿಡಿದು ಕರೆಯುತ್ತೇವೆ. ಆಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂರುತ್ತೇವೆ. ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಎಡೆ ಸಿಗದವರು ವರ್ಷವಿಡೀ ಊರೂರು ಹಸಿದು ಅಲೆಯುತ್ತಾರೆ ಎಂಬುದು ಅತ್ತೆಯ ನಂಬಿಕೆ. ನನ್ನದೂ ಅದೇ. ಓದಿದವರು ಏನು ಬೇಕಾದರೂ ಹೇಳಿಕೊಳ್ಳಲಿ.

“ಪಾಪ, ನೀರು ತರಾಕೋದ ಹೆಣ್ಣು. ಅದ್ಕೇ ಒಂದ್ ತೊಟ್ಟು ನೀರು ಬಿಡೋರಿಲ್ವಲ್ಲ,” ಎಂದು ಅತ್ತೆ ಅತ್ತಳು. “ಈ ಸಲ ನಮ್ಮ ಸಾಲಲ್ಲೇ ಅವಳಿಗೊಂದು ಎಲೆ ಇಡಾಣ. ರಾಜಪ್ಪನ್ನೂ ಊಟಕ್ಕೆ ಕರಿ. ಕಣ್ತುಂಬ ನೋಡ್ಲಿ.”

ನನಗೂ ಸರಿ ಅನ್ನಿಸಿತು. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ್ದು ನಮಗೆ ಹೊಳೆದಿದೆ ಎಂದು ಸ್ವಲ್ಪ ಜಂಬವೂ ಬಂತು. ಹಬ್ಬದ ಹಿಂದಿನ ವಾರ ಹಾಲು ಅಳೆಯುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಯಜಮಾನ್ರೇ, ನಿಮ್ಮಕ್ಕನಿಗೆ ತಿನ್ನೋಕೆ ಏನಿಷ್ಟ?”

ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಗುಡ್ ಕಾ ಚಾವಲ್! ಬೆಲ್ಲದ ಅನ್ನ. ಸೌಂಫ್ ಹಾಕಬೇಕು. ತಳ ಹತ್ತಿದ್ದು, ಕರ್ರಗೆ, ಅದು ಅವಳಿಗೇ. ನಾನು ಕೈ ಹಾಕಿದರೆ ಸೌಟಲ್ಲಿ ಹೊಡೀತಾಳೆ.”

ಹೊಡೀತಾಳೆ ಎಂದರು. ಹೊಡೆಯುತ್ತಿದ್ದಳು ಎನ್ನಲಿಲ್ಲ. ಅವರ ಕನ್ನಡವೇ ಹಾಗೆ ಎಂದುಕೊಂಡೆ.

“ಮಾಂಸ ತಿಂತಿದ್ರಾ?”

“ನಮ್ಮ ಮನೇಲಿ ಇಲ್ಲ.”

“ಅಮಾವಾಸ್ಯೆ ದಿನ ಮಧ್ಯಾಹ್ನ ನಮ್ಮನೇಲೇ ಊಟ. ಬರ್ಬೇಕು.”

“ಬೆಲ್ಲದ ಅನ್ನ ಮಾಡ್ತೀಯಾ?”

“ಬಂದು ನೋಡಿ,” ಎಂದೆ.

ಹಬ್ಬದ ದಿನ ನಡುಮನೆ ಸಾರಿಸಿ, ಗೋಡೆಯ ಉದ್ದಕ್ಕೂ ಎಲೆ ಹಾಕಿದೆವು. ಮಾವನ ಎಲೆಗೆ ಮಟನ್ ಸಾರು, ಮುದ್ದೆ, ಪಕ್ಕದಲ್ಲಿ ಬೀಡಿ ಕಟ್ಟು, ಕ್ವಾರ್ಟರ್ ಬಾಟಲಿ. ಮಾವನ ತಾಯಿಗೆ ಕಜ್ಜಾಯ, ಎಲೆಯಡಿಕೆ, ಹೊಗೆಸೊಪ್ಪು. ಚಿಕ್ಕ ವಯಸ್ಸಿನಲ್ಲಿ ಹೋದ ನನ್ನ ಮೈದುನನಿಗೆ ವಡೆ, ಜೊತೆಗೆ ಗ್ಲೂಕೋಸ್ ಬಿಸ್ಕತ್ತು. ಕೊನೆಯಲ್ಲಿ, ಮಾಂಸದ ಎಲೆಗಳಿಂದ ಸ್ವಲ್ಪ ದೂರಕ್ಕೆ, ಬೇರೆ ಒಲೆಯಲ್ಲಿ ಮಾಡಿದ ಬೆಲ್ಲದ ಅನ್ನ. ಸೋಂಪು ಹಾಕಿ, ಬೇಕೆಂದೇ ತಳ ಹತ್ತಿಸಿದ್ದೆ. ಎಲೆಯ ಮುಂದೆ ಒಂದು ಲೋಟ ನೀರು. ಮಣೆಯ ಮೇಲೆ ಹಸಿರು ಗಾಜಿನ ಬಳೆ, ನನ್ನ ತವರಿನ ಮಗ್ಗದಿಂದ ತಂದ ಅರಿಶಿನ ಬಣ್ಣದ ಸೀರೆ.

“ಹದ್ನೈದು ವರ್ಷದ ಹುಡ್ಗಿಗೆ ಸೀರೇನಾ?” ಎಂದಿದ್ದ ಕೆಂಪರಾಜ್.

“ದೊಡ್ಡೋಳಾಗಿರ್ತಾಳೆ ಬಿಡು,” ಎಂದಿದ್ದಳು ಅತ್ತೆ.

ಮುದುಕರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಬಂದರು. ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬರುವಾಗಲೇ ಮೂಗು ಅರಳಿಸಿದರು.

“ಸೌಂಫ್! ಲಕ್ಷ್ಮೀ, ಮಾಡೇ ಬಿಟ್ಟಿದ್ದೀಯಾ!”

“ಬಾ ರಾಜಪ್ಪ, ಬಾ,” ಎಂದು ಅತ್ತೆ ಅವರ ಕೈ ಹಿಡಿದು ಕರೆದುಕೊಂಡು ಹೋದಳು. “ಎಲ್ರೂ ಕಾಯ್ತವ್ರೆ.”

ಅವರು ಎಲೆಗಳ ಸಾಲು ನೋಡಿದರು. ಮನುಷ್ಯರು ಯಾರೂ ಕೂತಿರಲಿಲ್ಲ. ಬಾಟಲಿ ನೋಡಿ ನಕ್ಕರು. “ಇವರೆಲ್ಲ ಯಾರು?”

“ನಮ್ಮ ಹಿರೀಕರು,” ಎಂದ ಕೆಂಪರಾಜ್. “ತೀರ್ಕೊಂಡೋರು. ಇದು ನಮ್ಮಪ್ಪ. ಇದು ಅಜ್ಜಿ. ಇವ್ನು ನನ್ನ ತಮ್ಮ.”

ಮುದುಕರು ಒಂದೊಂದು ಎಲೆಗೂ ಕೈ ಮುಗಿಯುತ್ತ ಬಂದರು. ಕೊನೆಯ ಎಲೆಯ ಮುಂದೆ ನಿಂತರು. ಬೆಲ್ಲದ ಅನ್ನ ನೋಡಿದರು. ಬಳೆ ನೋಡಿದರು. ನೀರಿನ ಲೋಟ ನೋಡಿದರು.

“ಇದು?”

“ನಿಮ್ಮಕ್ಕಂದು,” ಎಂದೆ. “ರಾಮಪ್ಯಾರಿದು. ಧೂಪ ಹಾಕಿ, ನೀವೇ ಕೂಗಿ ಕರೀರಿ.”

ಅವರು ಅಳುತ್ತಾರೆ, ನನ್ನ ತಲೆಯ ಮೇಲೆ ಕೈಯಿಡುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ತೆಗಿ,” ಎಂದರು.

“ಏನು?”

“ಎತ್ತು ಇದನ್ನ. ಎತ್ತು!” ಅಷ್ಟು ಜೋರಾಗಿ ಅವರು ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. “ಅವಳು ಸತ್ತಿಲ್ಲ. ಯಾರು ಹೇಳಿದರು ನಿನಗೆ ಸತ್ತಿದ್ದಾಳೆ ಅಂತ?”

ಬೆಳಗ್ಗೆಯಿಂದ ಉಪವಾಸ ಇದ್ದು, ಎರಡು ಒಲೆಯ ಮುಂದೆ ಬೆಂದು, ಪ್ರೀತಿಯಿಂದ ಮಾಡಿದ್ದಕ್ಕೆ ಬೈಸಿಕೊಂಡರೆ ಯಾರಿಗೆ ತಾನೇ ಸುಮ್ಮನಿರಲಾಗುತ್ತದೆ? ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ.

“ಸತ್ತೇ ಇರ್ತಾಳೆ ಯಜಮಾನ್ರೇ! ಬದುಕಿದ್ರೆ ತೊಂಬತ್ಮೂರು ವರ್ಷ. ಯಾರು ಬದುಕಿರ್ತಾರೆ? ಅವತ್ತೇ ಕಾಲುವೆಗೆ ಹಾಕಿದ್ರೋ, ಆಮೇಲೆ ಹೆರಿಗೇಲಿ ಹೋದ್ಲೋ, ಮುದುಕಿಯಾಗಿ ಹೋದ್ಲೋ, ಹೋಗಂತೂ ಹೋಗಿದಾಳೆ. ನೀವು ಸತ್ತಿಲ್ಲ ಅಂದ್ಬಿಟ್ರೆ ಎದ್ದು ಬಂದ್ಬಿಡ್ತಾಳಾ? ಇಷ್ಟ್ ವರ್ಷ ಒಂದ್ ತುತ್ತು ಇಡ್ದೆ ಹಸ್ಕೊಂಡು ಅಲೆಯೋಕೆ ಬಿಟ್ಟಿದೀರಲ್ಲ, ನೀವೆಂಥಾ ತಮ್ಮ!”

“ಲೇ, ಬಾಯಿ ಮುಚ್ಚೇ!” ಎಂದ ಕೆಂಪರಾಜ್.

ಮುದುಕರು ತಿರುಗಿ ಕೂಗಲಿಲ್ಲ. ಗೋಡೆಗೆ ಒರಗಿ ನಿಂತು, ಹಿಂದಿಯಲ್ಲಿ, ನನಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಪ್ಪ ಸತ್ತಾಗ ಹರಿದ್ವಾರಕ್ಕೆ ಹೋಗಿದ್ದರಂತೆ. ಗಂಗೆಯಲ್ಲಿ ನಿಂತು ಸತ್ತವರ ಹೆಸರು ಹೇಳಿ ನೀರು ಬಿಡಬೇಕು. ಪುರೋಹಿತ ಹೆಸರು ಕೇಳುತ್ತ ಬಂದ. ಅಜ್ಜ, ಅಜ್ಜಿ, ಅಪ್ಪ. ಇನ್ನು ಯಾರಾದರೂ? ಎಂದ. ದಡದಲ್ಲಿ ನಿಂತಿದ್ದ ಅಮ್ಮ ಬಟ್ಟೆ ಸಮೇತ ನೀರಿಗೆ ಇಳಿದು ಬಂದು ಇವರ ಬೊಗಸೆ ಹಿಡಿದುಕೊಂಡಳು.

“‘ಅವಳು ನಿನಗೆ ನೀರು ತರೋಕೆ ಹೋದವಳು,’ ಅಂದಳು ಅಮ್ಮ. ‘ನೀನು ಅವಳಿಗೆ ನೀರು ಬಿಡಬೇಡ. ನೀನು ನೀರು ಬಿಟ್ಟ ದಿನ ಅವಳು ಸಾಯ್ತಾಳೆ.’ ಅಮ್ಮ ಹೋದಾಗ ಅಮ್ಮನಿಗೆ ನೀರು ಬಿಟ್ಟೆ. ಹೆಂಡತಿಗೆ ಬಿಟ್ಟೆ. ಅವಳಿಗೆ ಬಿಟ್ಟಿಲ್ಲ. ಇಷ್ಟು ವರ್ಷ ನಾನು ಮಾಡಿದ ಕೆಲಸ ಇದೊಂದೇ, ಲಕ್ಷ್ಮೀ. ಪುಸ್ತಕ ಅಲ್ಲ. ಇದು.”

ಹೇಳಿ, ಬಗ್ಗಿ, ತಾವೇ ಎಲೆಗೆ ಕೈ ಹಾಕಿದರು. ಅತ್ತೆ ಅವರ ಮಣಿಕಟ್ಟು ಹಿಡಿದುಕೊಂಡಳು.

“ಬ್ಯಾಡ ಕಣಪ್ಪ. ಇಟ್ಟ ಎಡೆ ಎತ್ತಬಾರ್ದು. ಬಂದೋರು ಹಸ್ಕಂಡ್ ಎದ್ದೋದ್ರೆ ಮನೆಗೆ ಒಳ್ಳೇದಲ್ಲ. ಅವ್ವನ ಮಾತು ನಿಂಗೆ ದೊಡ್ದು, ನಂಗೊತ್ತು. ನಂಗೆ ಇದು ದೊಡ್ದು.”

ಎಲೆಯ ಮೇಲೆ ಆ ಎರಡು ಮುದಿ ಕೈಗಳು ಹಾಗೇ ನಿಂತವು. ಯಾರು ಮೊದಲು ಬಿಡುತ್ತಾರೋ ಎಂದು ನಾನು ನೋಡುತ್ತಿದ್ದೆ. ಕೊನೆಗೆ ಅವರೇ ಬಿಟ್ಟರು.

“ನಿಮ್ಮ ಮನೆ,” ಎಂದರು ಕನ್ನಡದಲ್ಲಿ. ಚಪ್ಪಲಿ ಕೂಡ ಮೆಟ್ಟದೆ ಹೊಲದ ಬದುವಿನ ಮೇಲೆ ನಡೆದು ಹೋದರು. ಕೆಂಪರಾಜ್ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದ.

ನಾವು ಬಾಗಿಲು ಹಾಕಿಕೊಂಡು ಜಗಲಿಯ ಮೇಲೆ ಕೂತೆವು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

“ಬದುಕಿರೋಳಿಗೆ ಇಟ್ಬಿಟ್ವಾ ಲಕ್ಷ್ಮೀ?”

“ಎಲ್ಲಿ ಬದುಕಿರ್ತಾಳತ್ತೆ,” ಎಂದೆ. ಆದರೆ ಮೊದಲಿನ ಹಾಗೆ ಗಟ್ಟಿಯಾಗಿ ಬರಲಿಲ್ಲ ಆ ಮಾತು.

ಬಾಗಿಲು ತೆಗೆದ ಮೇಲೆ ಎಲ್ಲ ಎಲೆಗಳ ಪ್ರಸಾದವನ್ನು ಮನೆಯವರು ಹಂಚಿಕೊಂಡೆವು. ಆ ಎಲೆಗೆ ಯಾರೂ ಕೈ ಹಾಕಲಿಲ್ಲ. ಅತ್ತೆ ಅದನ್ನು ಹಸುವಿಗೆ ತಿನ್ನಿಸಿದಳು. ಸೀರೆಯನ್ನು ಉಡಲೂ ಆಗದೆ, ಯಾರಿಗೂ ಕೊಡಲೂ ಆಗದೆ ಪೆಟ್ಟಿಗೆಯ ತಳದಲ್ಲಿ ಇಟ್ಟೆ.

ಮರುದಿನದಿಂದ ಹಾಲಿಗೆ ವಿಭಾ ಮೇಡಂ ಬರತೊಡಗಿದರು. ಕಲ್ಲು ಖಾಲಿ. ಅತ್ತೆ ದಿನಾ ಬೆಳಗ್ಗೆ ಅದರ ಮೇಲೆ ಬಿದ್ದ ಎಲೆ ಗುಡಿಸಿ ಬಿಡುತ್ತಿದ್ದಳು. ನನಗೆ ಇನ್ನೂ ಒಳಗೆ ಉರಿಯುತ್ತಿತ್ತು. ಒಳ್ಳೆಯದು ಮಾಡಲು ಹೋಗಿ ಕೊಲೆ ಮಾಡಿದವಳ ಹಾಗೆ ಮಾಡಿಬಿಟ್ಟರಲ್ಲ ಎಂದು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಒಂದು ದಿನ ಮೇಡಂ ಚೊಂಬು ಹಿಡಿದು ನಿಂತವರು ಹೋಗಲಿಲ್ಲ.

“ಲಕ್ಷ್ಮಮ್ಮ, ಬಾಬೂಜಿ ಬರೀತಾ ಇಲ್ಲ.”

“ಬರೀದಿದ್ರೆ ಏನಾಯ್ತು ಮೇಡಂ? ಈ ವಯಸ್ಸಲ್ಲಿ ರೆಸ್ಟು ತಗೊಳ್ಳಿ.”

“ನಿಮಗೆ ಗೊತ್ತಿಲ್ಲ. ಅವರ ಎಲ್ಲಾ ಕಾದಂಬರಿಯಲ್ಲೂ ಬುವಾ ಇದ್ದಾರೆ. ಅತ್ತೆ, ರಾಮಪ್ಯಾರಿ ಅತ್ತೆ. ಹೆಸರು ಬೇರೆ ಬೇರೆ. ಒಂದರಲ್ಲಿ ಮುಲ್ತಾನಿನ ಪೇಟೆಯಲ್ಲಿ ಬಳೆ ಮಾರ್ತಾರೆ. ಒಂದರಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸ್ತಾರೆ. ಬಾಬೂಜಿಗೆ ವಯಸ್ಸಾದ ಹಾಗೆ ಅವರಿಗೂ ವಯಸ್ಸಾಗ್ತಾ ಬಂತು. ಈಗ ಬರೀತಾ ಇದ್ದದ್ದರಲ್ಲಿ ಹಲ್ಲಿಲ್ಲದ ಅಜ್ಜಿ, ಮೊಮ್ಮಕ್ಕಳನ್ನ ಬೈಕೊಂಡು ಓಡಾಡ್ತಾರೆ. ದಿನಾ ಓದಿ ಹೇಳಿ ನಗ್ತಿದ್ರು. ಆ ಹಬ್ಬದ ದಿನದಿಂದ ನಿಂತುಹೋಯ್ತು. ಕೇಳಿದ್ರೆ, ‘ಅವಳು ಮಾತಾಡ್ತಾ ಇಲ್ಲ,’ ಅಂತಾರೆ.”

ನನಗೆ ತಲೆ ಎತ್ತಲಾಗಲಿಲ್ಲ. ಮೇಡಂ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ಅವತ್ತೇ ಮಧ್ಯಾಹ್ನ ಹೋದೆ. ಮುದುಕರು ವರಾಂಡದಲ್ಲಿ ಶಾಲು ಹೊದ್ದು ಕೂತಿದ್ದರು. ಸೊರಗಿದ್ದರು. ಹೂಜಿಗಳಲ್ಲಿ ನೀರು ಅರ್ಧಕ್ಕೆ ಇಳಿದಿತ್ತು. ನಾನು ಕೇಳದೆಯೇ ಎಲ್ಲವನ್ನೂ ತುಂಬಿಸಿ, ಬಂದು ಮೆಟ್ಟಿಲ ಮೇಲೆ ಕೂತೆ.

“ನನ್ನ ಮೇಲೆ ಸಿಟ್ಟಾ?”

“ಇಲ್ಲ.”

“ಸುಳ್ಳು ಬೇಡಿ. ಮತ್ತೆ ಯಾಕೆ ಬರಲ್ಲ?”

“ನಿನ್ನ ಮನೆ ಬಾಗಿಲು ನೆನಪಾದರೆ ಒಳಗೆ ಎಲೆ ಕಾಣುತ್ತೆ.” ಶಾಲು ಎಳೆದುಕೊಂಡು ಹೇಳಿದರು, “ನಮ್ಮ ಮನೇಲಿ ಯಾರೂ ಆ ಮಾತು ಬಾಯಲ್ಲಿ ತರಲಿಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ. ನನ್ನ ಹೆಂಡತಿ ಐವತ್ತು ವರ್ಷ ಸಂಸಾರ ಮಾಡಿದಳು, ಅವಳೂ ಹೇಳಲಿಲ್ಲ. ಎಲ್ಲರ ಮನಸ್ಸಲ್ಲೂ ಇತ್ತು. ನೀನು ಒಬ್ಬಳೇ ಹೇಳಿದ್ದು.”

“ನನ್ನ ಬಾಯಿ ಕೆಟ್ಟದ್ದು.”

“ಬಾಯಿ ಕೆಟ್ಟದ್ದು. ಮಾತು ಕೆಟ್ಟದ್ದಲ್ಲ.” ಕನ್ನಡಕ ತೆಗೆದು ಜುಬ್ಬದ ಅಂಚಿನಲ್ಲಿ ಒರೆಸಿಕೊಂಡರು. “ನನಗೆ ಎಂಬತ್ತಾರು, ಲಕ್ಷ್ಮೀ. ಒಂದು ಮಾತು ಕೊಡು. ನಾನು ಹೋದಮೇಲೆ ನನಗೆ ಬೇಕಾದರೆ ಎಲೆ ಹಾಕು. ನಿಮ್ಮತ್ತೆ ಹಾಕದೆ ಬಿಡಲ್ಲ. ಅವಳಿಗೆ ಹಾಕಬೇಡ. ವಿಭಾ ಇದನ್ನೆಲ್ಲ ನಂಬಲ್ಲ, ಅವಳಿಗೆ ಹೇಳಿ ಏನೂ ಉಪಯೋಗವಿಲ್ಲ. ನಂಬುವವರು ನೀವು. ನೀವು ಹಾಕದಿದ್ದರೆ ಮಾತ್ರ ಹಾಕದ ಹಾಗೆ.”

ಆಗಲಿ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಮುದುಕರ ಸಮಾಧಾನಕ್ಕೆ ಒಂದು ಸುಳ್ಳು. ನನ್ನ ಗಂಡನಾಗಿದ್ದರೆ ಹೇಳಿಬಿಡುತ್ತಿದ್ದ. ನಾನು ಬಾಯಿ ತೆರೆದೆ, ಆದರೆ ಕಣ್ಣ ಮುಂದೆ ಆ ಹುಡುಗಿ ಬಂದಳು. ಕೈಪಂಪಿನಿಂದ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಹಿಡಿದುಕೊಂಡು ಮುಂದಕ್ಕೆ ಬರುತ್ತಾಳೆ. ಲಾರಿ ಇರಬೇಕಾದ ಜಾಗದಲ್ಲಿ ಬರೀ ಧೂಳು. ಅವಳಿಗೆ ಇನ್ನು ಯಾವತ್ತೂ ಎಲೆ ಹಾಕುವುದಿಲ್ಲ ಎಂದು ನಾನು ಹೇಗೆ ಮಾತು ಕೊಡಲಿ?

“ನೀವಿರೋ ತನಕ ಹಾಕಲ್ಲ,” ಎಂದೆ. “ನಿಮ್ಮ ಮೇಲಾಣೆ, ಹಾಕಲ್ಲ. ನಮ್ಮತ್ತೆ ಹಾಕ್ತೀನಿ ಅಂದ್ರೂ ಬಿಡಲ್ಲ. ನೀವು ಹೋದಮೇಲೆ ಹಾಕ್ತೀನಿ. ನಿಮಗೊಂದು, ಅವಳಿಗೊಂದು. ಇದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ ಯಜಮಾನ್ರೇ. ನೀವು ಬೈದ್ರೂ ಇಷ್ಟೇ, ಹೊಡೆದ್ರೂ ಇಷ್ಟೇ.”

ಬೇಲಿಯಾಚೆ ನಮ್ಮ ರಾಗಿ ಹೊಲದಲ್ಲಿ ಗಿಳಿ ಹಿಂಡು ಇಳಿದಿತ್ತು. ಬೇರೆ ದಿನವಾಗಿದ್ದರೆ ಎದ್ದು ಕೂಗಿ ಓಡಿಸುತ್ತಿದ್ದೆ. ತಿನ್ನಲಿ ಎಂದು ಕೂತಿದ್ದೆ.

“ಅಂದರೆ, ನಾನಿರುವ ತನಕ ಅವಳೂ ಇರ್ತಾಳೆ,” ಎಂದರು.

“ಇರ್ತಾಳೆ.”

“ನಾನು ಹೋದ ದಿನ ಅವಳೂ ಹೋಗ್ತಾಳೆ.”

“ಹೂಂ.”

ತಲೆ ಆಡಿಸಿದರು. ಆಗಬಹುದು ಎಂದೋ ಬೇಡ ಎಂದೋ ನನಗೆ ತಿಳಿಯಲಿಲ್ಲ. ಆಮೇಲೆ, ನನ್ನ ಕಡೆ ನೋಡದೆ, ತೀರಾ ಮೆಲ್ಲಗೆ ಕೇಳಿದರು.

“ಪಕ್ಕ ಪಕ್ಕ ಹಾಕ್ತೀಯಾ?”

“ಪಕ್ಕ ಪಕ್ಕಾನೇ.”

“ಅವಳದ್ದು ಮೊದಲು. ಅವಳು ದೊಡ್ಡವಳು.”

ಹೇಳಿದ ಮೇಲೆ ತಾವು ಏನು ಹೇಳಿಬಿಟ್ಟೆವೆಂದು ಅವರಿಗೆ ಹೊಳೆಯಿತು. ಶಾಲಿನಲ್ಲಿ ಮುಖ ಮುಚ್ಚಿಕೊಂಡರು. ಎಂಬತ್ತಾರು ವರ್ಷದ ಗಂಡಸು ಎಂಟು ವರ್ಷದ ಹುಡುಗನ ಹಾಗೆ ಬಿಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಜಗಳಕ್ಕೆ ಬರುವ ಮಾತು ಅಂಥ ಹೊತ್ತಿಗೆ ನನಗೆ ಬರುವುದಿಲ್ಲ. ಅವರ ಪಾದದ ಹತ್ತಿರ, ಮೆಟ್ಟಿಲ ಮೇಲೆ, ಬಿಸಿಲು ಇಳಿಯುವವರೆಗೆ ಕೂತಿದ್ದೆ.

ಮಾರನೆಯ ಬೆಳಗ್ಗೆ ಅವರೇ ಚೊಂಬು ಹಿಡಿದು ಬಂದರು. ಅತ್ತೆ ಏನೂ ಆಗಿಲ್ಲದವಳ ಹಾಗೆ, “ಬಾ ರಾಜಪ್ಪ, ಚಳಿ ಜಾಸ್ತಿ ಆಯ್ತಲ್ಲ,” ಎಂದಳು. ಬರೆಯುತ್ತಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ಮೇಡಂ ಕೂಡ ಹೇಳಿಲ್ಲ. ನಾನು ಹಾಲು ಸ್ವಲ್ಪ ಜಾಸ್ತಿಯೇ ಅಳೆಯುತ್ತೇನೆ, ಕೇಳಿದರೆ ಕೈ ತಪ್ಪಿತು ಎನ್ನುತ್ತೇನೆ. ಚಳಿಗಾಲದಲ್ಲಿ ಮುದುಕರಿಗೆ ಕೆಮ್ಮು. ಮುಂಜಾನೆ ಬೇಲಿಯಾಚೆಯಿಂದ ಕೇಳಿಸುತ್ತದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ಕೈ ನಿಲ್ಲಿಸಿ, ಮತ್ತೆ ಕೇಳುವವರೆಗೆ ಕಾಯುತ್ತೇನೆ. ಒಬ್ಬರ ಕೆಮ್ಮಲ್ಲ ಅದು, ಅಕ್ಕ ತಮ್ಮ ಇಬ್ಬರದು. ನಿಂತರೆ ಇಬ್ಬರದೂ ನಿಲ್ಲುತ್ತದೆ.